ತುಂಗಭದ್ರೆಯ ಹರಿಗೋಲು

ನಮ್ಮ ಆದವಾನಿ ಸೀಮೆಯ ಉತ್ತರಕ್ಕೆ ತುಂಗಭದ್ರೆ ಹರಿಯುತ್ತಾಳೆ. ಭೂಪಟವನ್ನು ಬಿಡಿಸಿ ನೋಡಿದರೆ ಆಕೆ ಒಂದು ಎಲ್ಲೆಯ ಗೆರೆ. ಈಚೆಯ ದಡದಲ್ಲಿ ಆಂಧ್ರಪ್ರದೇಶ, ಆಚೆಯ ದಡದಲ್ಲಿ ಕರ್ನಾಟಕ. ಹೊಳೆಯ ದಂಡೆಯ ಊರುಗಳಲ್ಲಿ ಹುಟ್ಟಿ ಬೆಳೆದವರಿಗಾದರೋ ಆಚೆಯ ದಡವೆಂದರೆ ತಾಯಿಯ ತವರು, ಅಕ್ಕನ ಅತ್ತೆಯ ಮನೆ, ಎತ್ತು ಕೊಂಡುತರುವ ಸಂತೆ, ಹರಕೆ ಹೊತ್ತ ದೇವರ ಗುಡಿ. ಈ ಎರಡು ದಡಗಳನ್ನು ಶತಮಾನಗಳ ಕಾಲ ಕೂಡಿಸಿದ್ದು ಸೇತುವೆಯಲ್ಲ, ಬಿದಿರು ಮತ್ತು ಚರ್ಮದಿಂದ ಕಟ್ಟಿದ ಒಂದು ದುಂಡನೆಯ ಬುಟ್ಟಿ. ಅದನ್ನೇ ಹರಿಗೋಲೆನ್ನುವುದು. ಬಂಡೆಗಳಿಂದಲೂ ಸುಳಿಗಳಿಂದಲೂ ತುಂಬಿದ, ಮಳೆಗಾಲದಲ್ಲಿ ನೊರೆಗಟ್ಟಿ ಭೋರ್ಗರೆಯುವ ಈ ಹೊಳೆಯನ್ನು ನಮ್ಮ ಹಿರಿಯರು ಇಂತಹ ಬುಟ್ಟಿಯಲ್ಲಿ ಕುಳಿತು ಹೇಗೆ ಕ್ಷೇಮವಾಗಿ ದಾಟಿದರು, ಆ ಕ್ಷೇಮವು ಯಾವುದರಲ್ಲಿ ಅಡಗಿತ್ತು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಇದು ಕೇವಲ ಹಳೆಯ ಕಾಲದ ಕಥೆಯಲ್ಲ. ಇಂದಿಗೂ ಜನರು ಹರಿಗೋಲಿನಲ್ಲಿ ಕುಳಿತು ಹೊಳೆ ದಾಟುತ್ತಿದ್ದಾರೆ. ದಾಟುವಾಗ ಮುಳುಗಿದವರೂ ಇದ್ದಾರೆ.

ಮೊದಲು ಹೆಸರಿನ ವಿಚಾರ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದುದನ್ನು ಶಾಲೆಯ ವ್ಯಾಕರಣ ಓದಿದ ಮಕ್ಕಳೂ ಬಲ್ಲರು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳರು ಇದೇ ಬುಟ್ಟಿದೋಣಿಯನ್ನು ಪರಿಸಲ್ ಎನ್ನುತ್ತಾರೆ. ನಮ್ಮ ಹರಿಗೋಲೂ ಅವರ ಪರಿಸಲೂ ಸೋದರ ಶಬ್ದಗಳೆಂದು ನಿಘಂಟುಕಾರರು ಕೂಡಿಸಿ ಹೇಳಿದ್ದಾರೆ. ಕೃಷ್ಣೆಯ ದಂಡೆಯ ತೆಲುಗರಲ್ಲಿ ಇದಕ್ಕೆ ಪುಟ್ಟಿಯೆಂಬ ಹೆಸರುಂಟು. ಕನ್ನಡಿಗರಲ್ಲಿ ಅನೇಕರು ತೆಪ್ಪವೆಂದೂ ಕರೆಯುತ್ತಾರೆ. ಕಾವೇರಿಯ ಹೊಗೆನಕಲ್ಲಿನಿಂದ ಕೃಷ್ಣೆಯ ನಡುಗಡ್ಡೆಗಳವರೆಗೆ ಕಲ್ಲು ತುಂಬಿದ ಹೊಳೆಗಳಲ್ಲೆಲ್ಲ ಈ ದೋಣಿಯೇ ಕಾಣುವುದು. ಇದರ ಕಾರಣವನ್ನು ಮುಂದೆ ನೋಡೋಣ.

ಇದೇ ತುಂಗಭದ್ರೆಯ ಮೇಲುಭಾಗದಲ್ಲಿ ಹಂಪೆ ಮತ್ತು ಆನೆಗೊಂದಿಗಳಿವೆ. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿಯಾದ ಡೊಮಿಂಗೊ ಪಾಯಸನು ಅಲ್ಲಿಯ ಕಡವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಜನರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಹೊಳೆ ದಾಟುತ್ತಾರೆಂದೂ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆಯೆಂದೂ, ಒಂದೊಂದರಲ್ಲಿ ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಾರೆಂದೂ ಅವನು ಹೇಳುತ್ತಾನೆ. ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ಸಾಮಾನ್ಯವಾಗಿ ಅವು ಈಜಿಯೇ ದಾಟುತ್ತವೆ. ಹುಟ್ಟು ಹಾಕಿದಂತೆಲ್ಲ ದೋಣಿಯು ತಿರುಗುತ್ತಲೇ ಸಾಗುತ್ತದೆ, ಮಿಕ್ಕ ದೋಣಿಗಳಂತೆ ನೇರ ಹೋಗಲಾರದು. ರಾಜ್ಯದ ಹೊಳೆಗಳಲ್ಲೆಲ್ಲ ಇದನ್ನು ಬಿಟ್ಟು ಬೇರೆ ದೋಣಿಯಿಲ್ಲ ಎಂದೂ ಅವನು ತಿಳಿಸಿದ್ದಾನೆ. ಐನೂರು ವರ್ಷಗಳ ಹಿಂದಿನ ಈ ವರ್ಣನೆಯನ್ನು ಓದಿಕೊಂಡು ಇಂದು ಆನೆಗೊಂದಿಯ ದಂಡೆಯಲ್ಲಿ ನಿಂತರೆ, ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆಯೆಂಬುದನ್ನುಳಿದು ಬದಲಾವಣೆ ಹೆಚ್ಚಾಗಿ ಕಾಣುವುದಿಲ್ಲ.

ಅದೇ ಹಂಪೆಯಲ್ಲಿ, ವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ, ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲುಕಂಬಗಳನ್ನು ಯಾತ್ರಿಕರು ನೋಡಿರಬಹುದು. ಅವು ಹಳೆಯ ಸೇತುವೆಯೊಂದರ ಅವಶೇಷಗಳು. ನಮ್ಮ ಕಾಲದಲ್ಲಿ ಆನೆಗೊಂದಿಯ ತಳವಾರಘಟ್ಟದಲ್ಲಿ ಕಟ್ಟುತ್ತಿದ್ದ ಕಾಂಕ್ರೀಟಿನ ಸೇತುವೆಯೂ ೨೦೦೯ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಕಲ್ಲಿನ ಸೇತುವೆ ಹೋಯಿತು, ಕಾಂಕ್ರೀಟಿನದು ಪೂರ್ತಿಯಾಗುವ ಮುನ್ನವೇ ಬಿದ್ದಿತು. ಬಿದಿರಿನ ಬುಟ್ಟಿ ಉಳಿದುಬಂದಿತು.

ಈ ಬುಟ್ಟಿದೋಣಿ ನಮ್ಮ ನಾಡಿಗೆ ಮಾತ್ರ ಸೇರಿದ್ದೆಂದು ಹೇಳಲಾಗದು. ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿಯೇ ಯೂಫ್ರೆಟಿಸ್ ನದಿಯಲ್ಲಿ ಬಾಬಿಲೋನಿಗೆ ಇಳಿದು ಬರುತ್ತಿದ್ದ ದುಂಡು ಚರ್ಮದೋಣಿಗಳನ್ನು ವರ್ಣಿಸಿದ್ದಾನೆ. ಪ್ರತಿಯೊಂದರಲ್ಲಿಯೂ ಸರಕಿನೊಡನೆ ಒಂದು ಕತ್ತೆಯಿರುತ್ತಿತ್ತಂತೆ. ಊರು ತಲಪಿದ ಮೇಲೆ ವರ್ತಕರು ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿ ಕಾಲುದಾರಿಯಲ್ಲಿ ಹಿಂತಿರುಗುತ್ತಿದ್ದರು. ಏಕೆಂದರೆ ಆ ಸೆಳವಿಗೆ ಇದಿರಾಗಿ ದೋಣಿಯನ್ನು ನಡೆಸುವುದು ಸಾಧ್ಯವಿರಲಿಲ್ಲ. ಬ್ರಿಟನ್ನಿನ ವೇಲ್ಸ್ ಸೀಮೆಯ ಬೆಸ್ತರಲ್ಲಿಯೂ ಇದೇ ಜಾತಿಯ ಚಿಕ್ಕ ದೋಣಿಯುಂಟು. ದೂರದೂರದ ಜನರು ರಭಸದ ಹೊಳೆಗೆ ಇಂತಹ ಹಗುರವಾದ ಬುಟ್ಟಿಯನ್ನೇ ಹೊಂದಿಸಿಕೊಂಡರೆಂಬುದನ್ನು ನೋಡಿದರೆ, ಹೊಳೆಯೇ ಈ ಆಕಾರವನ್ನು ಕಲಿಸಿತೆಂದು ತೋರುತ್ತದೆ.

ಕಲ್ಲುಹೊಳೆಗೆ ಹಲಗೆಯ ದೋಣಿ ಒಗ್ಗುವುದಿಲ್ಲ. ಹಲಗೆ ಬಂಡೆಗೆ ಬಡಿದರೆ ಸೀಳುತ್ತದೆ. ಬಿದಿರಿನ ಹೆಣಿಗೆ ಬಡಿದರೆ ಬಾಗಿ ಮತ್ತೆ ನಿಮಿರುತ್ತದೆ. ಹರಿಗೋಲಿನ ತಳ ಚಪ್ಪಟೆ. ಆದುದರಿಂದ ಕೆಲವೇ ಅಂಗುಲ ನೀರಿದ್ದರೂ ತೇಲುತ್ತದೆ. ಅದಕ್ಕೆ ಮುಂದು ಹಿಂದೆಂಬುದಿಲ್ಲ. ಯಾವ ಮಗ್ಗುಲು ಬಂಡೆಗೆ ತಗುಲಿದರೂ ಒಂದು ಸುತ್ತು ತಿರುಗಿ ಜಾರಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಚಿಕ್ಕ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಕವಿಚಿಕೊಂಡು ಹೋಗಬಲ್ಲನು. ಗುಣಗಳಂತೆಯೇ ದೋಷಗಳೂ ಇವೆ. ನೇರ ಹೋಗುವ ಶಕ್ತಿ ಅದಕ್ಕಿಲ್ಲ, ಸೆಳವಿನೊಡನೆ ಸೆಣಸುವ ಶಕ್ತಿಯಂತೂ ಇಲ್ಲವೇ ಇಲ್ಲ. ಅಂಚು ನೀರಿಗೆ ಸಮೀಪವಾಗಿರುವುದರಿಂದ ಭಾರ ಹೆಚ್ಚಿದರೆ, ಅಥವಾ ಕುಳಿತವರು ಒಂದೇ ಮಗ್ಗುಲಿಗೆ ವಾಲಿದರೆ, ನೀರು ಒಳಗೆ ನುಗ್ಗುತ್ತದೆ. ಹೀಗೆ ಹರಿಗೋಲು ತನ್ನನ್ನು ತಾನು ಕಾಪಾಡಿಕೊಳ್ಳುವ ದೋಣಿಯಲ್ಲ. ಅದನ್ನು ಕಾಪಾಡುವುದು ನಡೆಸುವವನ ತಿಳಿವಳಿಕೆ ಮತ್ತು ಕುಳಿತವರ ಶಿಸ್ತು.

ಈ ಹೊಳೆಗಳನ್ನು ತಿಳಿಯದೆ, ಹೆದರಿ, ಒಮ್ಮೆಲೇ ನುಗ್ಗಿದವರ ಗತಿಯೇನಾಯಿತೆಂಬುದಕ್ಕೆ ನಮ್ಮ ಸೀಮೆಯ ಯುದ್ಧಗಳೇ ಸಾಕ್ಷಿ. ೧೫೨೦ರ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನಿಗೆ ಸೋತ ಬಿಜಾಪುರದ ಸೈನ್ಯವು ಕೃಷ್ಣೆಯ ಕಡೆಗೆ ಓಡಿತು. ದಾಟಲಾರದೆ ಮುಳುಗಿದವರು ಬಹುಮಂದಿಯೆಂದು ಪೋರ್ತುಗೀಸರ ಬರಹಗಳಿಂದ ತಿಳಿಯುತ್ತದೆ. ೧೮೦೦ರ ಜುಲೈ ೩೦ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯ ಬಳಿ ಧೋಂಡಿಯ ವಾಘನ ಪಾಳೆಯದ ಮೇಲೆ ಆರ್ಥರ್ ವೆಲ್ಲೆಸ್ಲಿಯು ಎರಗಿದಾಗ, ಹೊಳೆಗೆ ಹಾರಿ ಸತ್ತವರ ಸಂಖ್ಯೆ ಸಾವಿರಗಟ್ಟಲೆಯಾಯಿತು. ಧೋಂಡಿಯನು ಅದೇ ವರ್ಷದ ಸೆಪ್ಟೆಂಬರ್ ೧೦ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಮಡಿದನು.

ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಲೋಕಪ್ರಸಿದ್ಧನಾದ ಈ ವೆಲ್ಲೆಸ್ಲಿಯು ನಮ್ಮ ಹೊಳೆಗಳಿಂದ ಒಂದು ಪಾಠವನ್ನು ಕಲಿತನು. ಧೋಂಡಿಯನ ಬೆನ್ನುಹತ್ತಿ ಅವನು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದ್ದನು. ದೊಡ್ಡ ಸೈನ್ಯವೊಂದು ಮಳೆಗಾಲದ ಹೊಳೆಯೆದುರು ಎಷ್ಟು ಅಸಹಾಯವೆಂಬುದೂ, ಚರ್ಮ ಹೊದಿಸಿದ ಬುಟ್ಟಿದೋಣಿಗಳಿದ್ದರೆ ಅದು ಎಷ್ಟು ಸುಲಭವಾಗುವುದೆಂಬುದೂ ಅವನಿಗೆ ಮನವರಿಕೆಯಾಯಿತು. ೧೮೦೩ರಲ್ಲಿ ಮರಾಠರ ಮೇಲೆ ಹೊರಟಾಗ, ಹೊಳೆಗಳು ತುಂಬಿರುವ ಕಾಲವೇ ತನಗೆ ಅನುಕೂಲವೆಂದು ಅವನು ಲೆಕ್ಕಹಾಕಿದನು. ಎದುರಾಳಿಯ ರಾವುತರು ತುಂಬಿದ ಹೊಳೆಯನ್ನು ಹಾಯಲಾರರು. ತನ್ನ ಸೈನ್ಯವು ದೋಣಿಗಳಲ್ಲಿ ದಾಟಬಲ್ಲದು. ಅದೇ ರೀತಿ ಬಿದಿರು ಹೆಣೆದು ಎತ್ತಿನ ಚರ್ಮ ಹೊದಿಸಿದ ದೋಣಿಗಳಲ್ಲಿ ಗೋದಾವರಿಯನ್ನು ದಾಟಿದನು. ಅಸಾಯಿಯ ವಿಜಯವನ್ನು ಇತಿಹಾಸದ ಪುಸ್ತಕಗಳು ಹಾಡಿಹೊಗಳುತ್ತವೆ. ಬುಟ್ಟಿ ಹೆಣೆದ ಮೇದಾರನನ್ನಾಗಲಿ, ಹುಟ್ಟು ಹಾಕಿದ ಅಂಬಿಗನನ್ನಾಗಲಿ ಹೆಸರಿಸುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನೆಂಬ ಗಾದೆ ಹುಟ್ಟಿದುದು ವೃಥಾ ಅಲ್ಲ. ಆದರೆ ಕನ್ನಡ ನಾಡು ಅಂಬಿಗನನ್ನು ಸಂಪೂರ್ಣವಾಗಿ ಮರೆಯಲಿಲ್ಲವೆಂಬುದನ್ನೂ ಹೇಳಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ತಮ್ಮ ಕಾಯಕದ ಹೆಸರನ್ನು ತಮ್ಮ ಹೆಸರಿನ ಮುಂದೆಯೇ ಧರಿಸಿ, ತಮ್ಮ ವಚನಗಳಿಗೂ ಅದನ್ನೇ ಅಂಕಿತವಾಗಿ ಇಟ್ಟರು.

ಇನ್ನು ನಮ್ಮ ದಡದ ವಿಚಾರಕ್ಕೆ ಬರೋಣ. ೧೮೦೦ರಲ್ಲಿ ನಿಜಾಮನು ಬಳ್ಳಾರಿ ಕಡಪೆ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ, ಆದವಾನಿಯು ಇಂಗ್ಲಿಷರ ಕೈಗೆ ಬಂದಿತು, ಎದುರು ದಡವು ನಿಜಾಮನಿಗೆ ಉಳಿಯಿತು. ಅಂದಿನಿಂದ ಹೊಳೆಯು ಎರಡು ಸರಕಾರಗಳ ನಡುವಣ ಎಲ್ಲೆಯಾಯಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ೧೯೫೬ರಲ್ಲಿ ಎದುರು ದಡದ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಸರಕಾರಗಳು ಹೀಗೆ ಬದಲಾದವು. ಹರಿಗೋಲು ತನ್ನ ಕಡವನ್ನು ಬಿಡಲಿಲ್ಲ. ಸೇತುವೆಯಾಗುವ ಮುನ್ನ ಮಂತ್ರಾಲಯದ ಗುರುರಾಯರ ದರ್ಶನಕ್ಕೆ ಬಂದ ಭಕ್ತರು ಎದುರು ದಡದ ಬಿಚ್ಚಾಲಿಗೆ ಹರಿಗೋಲಿನಲ್ಲಿಯೇ ಹೋಗಿಬರುತ್ತಿದ್ದರು. ಕನ್ನಡ ಶಾಲೆಗೆ ಪುಸ್ತಕಗಳೂ, ಮದುವೆಗೆ ಹೆಣ್ಣುಗಳೂ, ಸುಗ್ಗಿಗೆ ಕೂಲಿಯಾಳುಗಳೂ ಅದರಲ್ಲಿಯೇ ಬಂದರು. ನಮ್ಮಲ್ಲಿ ಕನ್ನಡವು ಇಷ್ಟರಮಟ್ಟಿಗೆ ಉಳಿದಿದ್ದರೆ ಅದಕ್ಕೆ ಶಾಲೆಯ ಪಂಡಿತರಷ್ಟೇ ಕಡವಿನ ಅಂಬಿಗರೂ ಕಾರಣರು.

ಆ ಅಂಬಿಗರಲ್ಲೊಬ್ಬನನ್ನು ಇಲ್ಲಿ ಸ್ಮರಿಸದೆ ಇರಲಾರೆವು. ೧೯೯೦ರ ಸುಮಾರಿನ ಮಾತು. ನಮಗಾಗ ಹತ್ತು ವರ್ಷ. ಶ್ರಾವಣಮಾಸದಲ್ಲಿ ಎದುರು ದಡದಲ್ಲಿ ನಮ್ಮ ಸೋದರಮಾವನ ಮದುವೆ. ಮುಂಜಾನೆ ತಂದೆಯವರು, ತಾಯಿಯವರು, ನಾವು ಮಕ್ಕಳು ಹೊಸ ಬಟ್ಟೆ ತೊಟ್ಟು ಕಡವಿಗೆ ಬಂದೆವು. ಹರಿಗೋಲು ದಂಡೆಯ ಮೇಲೆ ಕವಿಚಿಕೊಂಡಿತ್ತು. ಅಂಬಿಗನು ಅದರ ಪಕ್ಕದಲ್ಲಿ ಕುಳಿತು ಬೀಡಿ ಸೇದುತ್ತಿದ್ದನು. ಆಕಾಶ ತಿಳಿಯಾಗಿತ್ತು. ಹೊಳೆಯು ತುಸು ಕೆಂಪಾಗಿ ಹರಿಯುತ್ತಿತ್ತಲ್ಲದೆ ನಮ್ಮ ಕಣ್ಣಿಗೆ ಭಯಂಕರವಾಗಿ ಏನೂ ಕಾಣಲಿಲ್ಲ.

“ಇವತ್ತು ದಾಟ್ಸಂಗಿಲ್ರೀ ಅಪ್ಪಾವ್ರ,” ಎಂದನು.

ತಂದೆಯವರು ಮದುವೆಯ ಮಾತು ಹೇಳಿದರು, ಮುಹೂರ್ತದ ಮಾತು ಹೇಳಿದರು. ಸುತ್ತುದಾರಿಯಲ್ಲಿ ಹೋದರೆ ಮುಹೂರ್ತ ಮೀರುವುದೆಂದರು. ಎರಡರಷ್ಟು ಕೂಲಿ ಕೊಡುವೆನೆಂದರು. ಅವನು ಎದ್ದು, ನೀರಿಗಿಳಿದ ಮೆಟ್ಟಿಲುಗಳ ಪಕ್ಕದ ಬಂಡೆಯೊಂದನ್ನು ತೋರಿಸಿದನು. ಅದರ ಮೇಲೆ ಅವನ ತಂದೆಯೋ ತಾತನೋ ಸುಣ್ಣದಲ್ಲಿ ಎಳೆದ ಗೆರೆಯೊಂದಿತ್ತು. ಅದನ್ನು ವರ್ಷವರ್ಷವೂ ಹಬ್ಬದ ದಿನ ಹೊಸದಾಗಿ ಬಳಿಯುತ್ತಿದ್ದರು. ಆ ದಿನ ಗೆರೆ ಕಾಣುತ್ತಿರಲಿಲ್ಲ.

“ರೊಕ್ಕದ ಮಾತಲ್ರೀ. ಗೆರಿ ಮುಣುಗ್ಯಾದ, ನೋಡ್ರಿ. ಮ್ಯಾಲೆ ಗೇಟು ತಗದಾರಂತ. ಇನ್ನೂ ಏರತದ.”

ತಾಯಿಯವರು ಮೆಟ್ಟಿಲಿನ ಮೇಲೆ ಕುಳಿತು ಸೆರಗಿನಿಂದ ಕಣ್ಣೊರಸಿಕೊಂಡರು. ಎದುರು ದಡದಿಂದ ಗಾಳಿ ಬೀಸಿದಾಗ ಓಲಗದ ಸದ್ದು ಕೇಳಿಸಿತು. ತಂದೆಯವರು ಅಂಬಿಗನನ್ನು ಕಟುವಾಗಿ ಬಯ್ದು ನಮ್ಮನ್ನು ಮನೆಗೆ ಕರೆತಂದರು. ಅವನು ಮರುಮಾತಾಡಲಿಲ್ಲ. ಮೂರನೆಯ ದಿನ ನೀರು ಇಳಿದ ಮೇಲೆ ತಾನೇ ಮನೆಗೆ ಬಂದು ಕರೆದನು. ಎಂದಿನ ಕೂಲಿಗಿಂತ ಒಂದು ಪೈಸೆಯನ್ನೂ ಹೆಚ್ಚಿಗೆ ಮುಟ್ಟಲಿಲ್ಲ. ಆ ದಿನ ದಾಟಿದ್ದರೆ ಏನಾಗುತ್ತಿತ್ತೋ ನಮಗೆ ತಿಳಿಯದು. ಕ್ಷೇಮವಾಗಿ ತಲಪುತ್ತಿದ್ದೆವೋ ಏನೋ. ತಂದೆಯವರು ಬಹುವರ್ಷ ಹಾಗೆಯೇ ವಾದಿಸುತ್ತಿದ್ದರು. ದೊಡ್ಡವರಾದ ಮೇಲೆ ನಮಗೆ ತೋರಿದುದಿಷ್ಟು: ಬಡವನಾದ ಆ ಮನುಷ್ಯನು ಒಂದು ದಿನದ ಸಂಪಾದನೆಯನ್ನೂ, ಊರ ಹಿರಿಯರೊಬ್ಬರ ವಿಶ್ವಾಸವನ್ನೂ ಕಳೆದುಕೊಂಡು ಐದು ಜೀವಗಳನ್ನು ಪಣಕ್ಕೆ ಹಚ್ಚಲಿಲ್ಲ.

ಮುಂದೆ ಕಾಲೇಜಿನ ರಜೆಗಳಲ್ಲಿ ಅವನ ಪಕ್ಕದಲ್ಲಿ ಕುಳಿತು ನಾವು ಅನೇಕ ಸಲ ಹೊಳೆ ದಾಟಿದೆವು. ಕೇಳಿ ಕೇಳಿ ಅವನ ಕಸುಬಿನ ಕಟ್ಟಳೆಗಳನ್ನು ತಿಳಿದೆವು. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಬರೆದಿಡುತ್ತೇವೆ.

ಮೊದಲನೆಯ ಕಟ್ಟಳೆ ಗೆರೆಯದು. ದಾಟುವುದೋ ಬಿಡುವುದೋ ಎಂಬ ನಿರ್ಣಯವನ್ನು ಆ ಹೊತ್ತಿನ ಧೈರ್ಯಕ್ಕಾಗಲಿ, ಅವಸರಕ್ಕಾಗಲಿ, ಹಣಕ್ಕಾಗಲಿ ಬಿಡದೆ, ತಣ್ಣಗಿದ್ದಾಗ ಎಳೆದ ಗೆರೆಯೊಂದಕ್ಕೆ ಒಪ್ಪಿಸಿಬಿಟ್ಟಿದ್ದರು. ಗೆರೆಯು ಯಾರ ಮುಖವನ್ನೂ ನೋಡುವುದಿಲ್ಲ.

ಎರಡನೆಯದು ಎಣಿಕೆ. ಹರಿಗೋಲಿಗೆ ಹತ್ತುವವರನ್ನು ಅಂಬಿಗನು ತಾನೇ ಕೈಹಿಡಿದು ಒಬ್ಬೊಬ್ಬರನ್ನಾಗಿ ಇಳಿಸಿಕೊಳ್ಳುತ್ತಿದ್ದನು. ಅಂಚಿನಿಂದ ನೀರಿಗೆ ಒಂದು ಗೇಣು ಉಳಿಯದಿದ್ದರೆ ಕೊನೆಗೆ ಹತ್ತಿದವನು, ಅವನು ಗೌಡನೇ ಆಗಲಿ, ಇಳಿಯಲೇಬೇಕು. ಭಾರದ ಮೂಟೆ ನಡುವೆ, ಜನರು ಸುತ್ತಲೂ ತಳದಲ್ಲಿ ಕುಕ್ಕರಿಸಿ ಕೂರಬೇಕು. ನಿಲ್ಲಕೂಡದು, ಅಂಚಿಗೆ ಒರಗಕೂಡದು, ನೀರು ಎರಚಿತೆಂದು ಹೌಹಾರಿ ಒಂದೇ ಕಡೆಗೆ ಸರಿಯಕೂಡದು. ದನಕರುಗಳಿಗೆ ಹಗ್ಗ ಕಟ್ಟಿ ಪಕ್ಕದಲ್ಲಿ ಈಜಿಸುವುದೇ ಪದ್ಧತಿ. ಪಾಯಸನು ಕಂಡುದೂ ಇದನ್ನೇ.

ಮೂರನೆಯದು ಸೆಳವಿನೊಡನೆ ಹೊಂದಿಕೊಳ್ಳುವುದು. ಎದುರು ದಡದ ಮೆಟ್ಟಿಲಿಗೆ ನೇರವಾಗಿ ಹುಟ್ಟು ಹಾಕುವವನು ದಾರಿ ತಪ್ಪುತ್ತಾನೆ. ಅಂಬಿಗನು ದಂಡೆಯ ಸಾವಧಾನದ ನೀರಿನಲ್ಲಿ ಹರಿಗೋಲನ್ನು ಮೊದಲು ಬಹುದೂರ ಮೇಲಕ್ಕೆ ಎಳೆದೊಯ್ದು, ಅಲ್ಲಿಂದ ನಡುಹೊಳೆಗೆ ಬಿಡುತ್ತಿದ್ದನು. ಸೆಳವು ಕೆಳಕ್ಕೆ ಒಯ್ಯುತ್ತಿದ್ದಂತೆ ಅವನು ಅಡ್ಡಕ್ಕೆ ಎಳೆಯುತ್ತ ಹೋಗಿ, ಓರೆಯಾಗಿ ಬಂದು, ಸರಿಯಾಗಿ ಮೆಟ್ಟಿಲಿಗೇ ತಾಗಿಸುತ್ತಿದ್ದನು. ಅವನು ಮುಂದಕ್ಕೆ ಮುಖಮಾಡಿ ಮುಂದಿನ ಅಂಚಿನಲ್ಲಿಯೇ ಕುಳಿತು, ಹುಟ್ಟನ್ನು ಮುಂದೆ ಊರಿ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಈ ಎಡಬಲಗಳ ಹದ ತಪ್ಪಿದರೆ ಹರಿಗೋಲು ಬುಗುರಿಯಾಗುತ್ತದೆ.

ನಾಲ್ಕನೆಯದು ನೀರನ್ನು ಓದುವುದು. ಇದನ್ನು ಓದುವಿಕೆಯೆಂದು ಕರೆಯಲು ಅಕ್ಷರಕಲಿಸುವ ನಮಗೆ ಸಂಕೋಚವಿಲ್ಲ. ಎರಡು ಬಂಡೆಗಳ ನಡುವೆ ನೀರು ನಾಲಗೆಯಂತೆ ನುಣುಪಾಗಿ ಇಳಿದು, ಕೆಳಗೆ ಚೂಪಾಗಿ ಕೂಡಿಕೊಂಡರೆ ಅಲ್ಲಿ ದಾರಿಯಿದೆ. ಚೂಪು ಮೇಲ್ಮುಖವಾಗಿ ಬರುವವನ ಕಡೆಗೆ ತಿರುಗಿ, ನೀರು ಅಲ್ಲಿಂದ ಇಬ್ಬಗೆಯಾಗಿ ಕವಲೊಡೆದಿದ್ದರೆ ಆ ಚೂಪಿನಲ್ಲಿ ಬಂಡೆ ಅಡಗಿದೆ. ನೀರು ದಿಂಬಿನಂತೆ ಉಬ್ಬಿ ಹರಿಯುವ ಕಡೆಯೂ ಅಷ್ಟೆ. ದೊಡ್ಡ ಬಂಡೆಯ ಕೆಳಗಡೆ ಸೆಳವು ಮುರಿದು ನೀರು ಹಿಂದಕ್ಕೆ ತಿರುಗುತ್ತದೆ. ಬಲ್ಲವನಿಗೆ ಅದು ಉಸಿರು ತೆಗೆದುಕೊಳ್ಳುವ ತಂಗುದಾಣ, ಅರಿಯದವನಿಗೆ ಸುಳಿ. ಎಲ್ಲಕ್ಕಿಂತ ಕ್ರೂರವಾದುದು ಒಡ್ಡಿನ ಕೆಳಗಿನ ನೀರು. ನಮ್ಮ ರಾಜೋಳಿಬಂಡೆಯ ಒಡ್ಡಿನಂತಹ ಕಡೆಗಳಲ್ಲಿ ನೀರು ಒಡ್ಡಿನ ಮೇಲಿಂದ ಸಮನಾಗಿ ಬಿದ್ದು, ಬಿದ್ದಲ್ಲಿಯೇ ಮಗುಚಿ ಒಡ್ಡಿನ ಕಡೆಗೇ ಮರಳುತ್ತಿರುತ್ತದೆ. ಅದರೊಳಗೆ ಸಿಕ್ಕಿದ ಮರದ ತುಂಡೂ ಹೊರಬರಲಾರದೆ ಅಲ್ಲಿಯೇ ಉರುಳುತ್ತದೆ, ಮನುಷ್ಯನ ಪಾಡೇನು? ನೋಡಲು ಅದು ಸೌಮ್ಯವಾಗಿಯೇ ಕಾಣುವುದರಿಂದ ಮೋಸ ಹೋಗುವವರು ಹೆಚ್ಚು. ಒಡ್ಡಿನ ಮೇಲುಗಡೆಯಾಗಲಿ ಕೆಳಗಡೆಯಾಗಲಿ ಅದರ ಸಮೀಪಕ್ಕೆ ಅಂಬಿಗನು ಹರಿಗೋಲನ್ನು ಒಯ್ಯುತ್ತಿರಲಿಲ್ಲ.

ಐದನೆಯದು ಮಗುಚಿದ ಮೇಲಿನ ಮಾತು. ಹರಿಗೋಲು ಮಗುಚಿದರೂ ತೇಲುತ್ತದೆ. ಅದರ ಮೇಲುಹೊಳೆಯ ಮಗ್ಗುಲಲ್ಲಿದ್ದು ಅಂಚನ್ನು ಹಿಡಿದುಕೊಳ್ಳಬೇಕು. ಕೆಳಮಗ್ಗುಲಲ್ಲಿದ್ದರೆ ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಜಜ್ಜಿಹೋಗುವ ಭಯವಿದೆ. ದೋಣಿ ಕೈತಪ್ಪಿದರೆ ಅಂಗಾತನಾಗಿ, ಕಾಲುಗಳನ್ನು ಮುಂದೆ ಚಾಚಿ, ಬಂಡೆಗಳನ್ನು ಕಾಲಿನಿಂದ ನೂಕುತ್ತ ತೇಲಬೇಕು. ರಭಸದ ನೀರಿನಲ್ಲಿ ನಿಲ್ಲಲು ಹೋಗಲೇಬಾರದು. ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿದರೆ ಸೊಂಟಮಟ್ಟದ ನೀರೂ ಮನುಷ್ಯನನ್ನು ಕೆಡವಿ ಮುಳುಗಿಸುತ್ತದೆ. ಇಂದು ದೇಶದೇಶಗಳಲ್ಲಿ ನೊರೆನೀರಿನ ದೋಣಿವಿಹಾರ ಕಲಿಸುವವರು ಹೇಳಿಕೊಡುವ ಪಾಠವೂ ಇದೇ. ಅವರು ಸೇರಿಸುವ ಒಂದು ಮಾತು ನಮ್ಮ ಅಂಬಿಗನಲ್ಲಿರಲಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಈ ಕಟ್ಟಳೆಗಳು ಹುಟ್ಟಿದ ಕಾಲದ ಹೊಳೆ ಬೇರೆ, ಇಂದಿನ ಹೊಳೆ ಬೇರೆ. ಹಿಂದೆ ಮಹಾಪೂರವು ಮುನ್ಸೂಚನೆ ಕೊಟ್ಟು ಬರುತ್ತಿತ್ತು. ಮಲೆನಾಡಿನಲ್ಲಿ ಮಳೆಯಾದರೆ ನೀರಿನ ಬಣ್ಣ ತಿರುಗುವುದು, ಕಸಕಡ್ಡಿ ತೇಲಿಬರುವುದು. ಅಂಬಿಗನು ಅದನ್ನು ಕಂಡು ಹರಿಗೋಲನ್ನು ಮೇಲಕ್ಕೆಳೆಯುವನು. ೧೯೫೩ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಅದರಿಂದ ನಮ್ಮ ಬರಗಾಲದ ಸೀಮೆಗೆ ಅನ್ನ ದೊರೆಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಅಂದಿನಿಂದ ಹೊಳೆಯ ಏರಿಳಿತವು ಮೋಡದ ಕೈಯಿಂದ ಗೇಟಿನ ಕೈಗೆ ಹೋಯಿತು. ಬಿಸಿಲು ಕಾಯುತ್ತಿದ್ದಾಗಲೂ ನೀರು ಏರಬಹುದು. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಆ ರಾತ್ರಿ ಕೆಳಗಿನ ದಂಡೆಯ ಊರುಗಳಲ್ಲಿ ನಿದ್ದೆಮಾಡಿದವರು ಕಡಮೆ. ಅದಕ್ಕೂ ಮೊದಲು ೨೦೦೯ರ ಅಕ್ಟೋಬರ್ ಮೊದಲ ವಾರದ ಮಹಾಪೂರದಲ್ಲಿ ಮಂತ್ರಾಲಯವೇ ಜಲಾವೃತವಾಗಿತ್ತು.

ಹೊಳೆ ಬದಲಾದಂತೆ ದೋಣಿಯೂ ಬದಲಾಯಿತು. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದವು. ಈಗೀಗ ಫೈಬರಿನ ಹರಿಗೋಲುಗಳೂ ಬಂದಿವೆ. ಇವೆಲ್ಲ ಒಳ್ಳೆಯದೇ. ಆದರೆ ಸೇತುವೆಗಳಾದಂತೆ ಕಡವುಗಳು ಮುಚ್ಚಿದವು, ಅಂಬಿಗರ ಮಕ್ಕಳು ಬೇರೆ ಕೆಲಸ ಹಿಡಿದರು, ಕಟ್ಟಳೆಗಳನ್ನು ಬಲ್ಲವರು ಕಡಮೆಯಾದರು. ಹರಿಗೋಲು ಮಾತ್ರ ಉಳಿಯಿತು. ಮೀನುಗಾರನ ಕೈಯಲ್ಲಿ, ಪ್ರವಾಸಿಗಳ ವಿಹಾರದಲ್ಲಿ, ಸೇತುವೆ ಕಾಣದ ನಡುಗಡ್ಡೆಗಳಲ್ಲಿ. ೨೦೨೦ರ ಆಗಸ್ಟ್‌ನಲ್ಲಿ, ಕೃಷ್ಣೆ ತುಂಬಿ ಹರಿಯುತ್ತಿದ್ದಾಗ, ರಾಯಚೂರು ತಾಲ್ಲೂಕಿನ ನಡುಗಡ್ಡೆಯ ಊರಾದ ಕುರುವಕಲದ ಜನರು ತೆಲಂಗಾಣದ ದಡದಿಂದ ಹರಿಗೋಲಿನಲ್ಲಿ ಮನೆಗೆ ಮರಳುತ್ತಿದ್ದರು. ಹದಿಮೂರು ಮಂದಿಯನ್ನು ಹೊತ್ತ ಹರಿಗೋಲು ಮಗುಚಿತು. ಒಂಬತ್ತು ಮಂದಿ ಬದುಕಿ ದಡ ಸೇರಿದರು. ನಾಲ್ವರು ನೀರಿನ ಪಾಲಾದರು. ಸಾಮಾನು ಕೊಳ್ಳಲೂ ಹೊಳೆ ದಾಟದೆ ಗತಿಯಿಲ್ಲದ ಆ ಬಡಜನರನ್ನು ದೂಷಿಸುವ ಹಕ್ಕು ಸೇತುವೆಯ ಮೇಲೆ ಬಸ್ಸಿನಲ್ಲಿ ಕುಳಿತು ದಾಟುವ ನಮಗಿಲ್ಲ. ಅಂತಹ ಊರುಗಳಿಗೆ ಸೇತುವೆ ಬೇಕು. ಅದು ಆಗುವವರೆಗೆ ಜೀವ ಉಳಿಸುವ ಉಪಾಯವೂ ಬೇಕು.

ಆ ಉಪಾಯವೇ ನಾವು ಮೇಲೆ ಬಾಕಿ ಉಳಿಸಿದ ಮಾತು. ಅದು ಜೀವರಕ್ಷಕ ಜಾಕೀಟು. ನಮ್ಮ ಅಂಬಿಗನಲ್ಲಿ ಅದಿರಲಿಲ್ಲ. ಇದ್ದಿದ್ದರೆ ಅವನೇ ಮೊದಲು ತೊಡಿಸುತ್ತಿದ್ದನೆಂದು ನಮ್ಮ ನಂಬಿಕೆ. ಈಜು ಬಲ್ಲವನಿಗೆ ಅದು ಬೇಡವೆಂಬುದು ತಪ್ಪು ತಿಳಿವಳಿಕೆ. ನೊರೆಗಟ್ಟಿದ ನೀರಿನಲ್ಲಿ ಗಾಳಿ ಬೆರೆತಿರುವುದರಿಂದ ದೇಹ ಸರಿಯಾಗಿ ತೇಲುವುದಿಲ್ಲ. ತಲೆ ಬಂಡೆಗೆ ಬಡಿದು ಎಚ್ಚರ ತಪ್ಪಿದವನಿಗೆ ಈಜು ನೆನಪಿರುವುದಿಲ್ಲ. ಜಾಕೀಟಿನ ಗುಂಡಿಗಳನ್ನು ಹಾಕಿ ಮೈಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಹರಿಗೋಲಿನ ಮೂಲೆಯಲ್ಲಿ ರಾಶಿಹಾಕಿದ ಜಾಕೀಟು ಯಾರನ್ನೂ ಉಳಿಸುವುದಿಲ್ಲ. ಆದರೆ ಜಾಕೀಟು ಬಂದಿತೆಂದು ಗೆರೆಯನ್ನೂ ಎಣಿಕೆಯನ್ನೂ ಕೈಬಿಡುವಂತಿಲ್ಲ. ಗೆರೆಯು ಅಪಾಯಕ್ಕೆ ಮೊದಲಿನದು, ಜಾಕೀಟು ಅಪಾಯದ ಅನಂತರದ್ದು. ಒಂದರ ಸ್ಥಾನವನ್ನು ಇನ್ನೊಂದು ತುಂಬಲಾರದು.

ಮರ್ಯಾದೆಯೆಂಬ ಸಂಸ್ಕೃತ ಶಬ್ದಕ್ಕೆ ಎಲ್ಲೆಯೆಂಬುದೇ ಮೊದಲ ಅರ್ಥ. ಗೌರವವೆಂಬ ಅರ್ಥ ಆಮೇಲೆ ರೂಢಿಯಾಯಿತು. ನಮ್ಮ ಅಂಬಿಗರು ಹೊಳೆಗೆ ತೋರಿದ ಮರ್ಯಾದೆಯಲ್ಲಿ ಎರಡು ಅರ್ಥಗಳೂ ಕೂಡಿದ್ದವು. ಅವರು ಹೊಳೆಗೆ ಅರಿಸಿನ ಕುಂಕುಮ ಹಾಕಿ ಕೈಮುಗಿಯುತ್ತಿದ್ದರು. ಹಾಗೆ ಕೈಮುಗಿದವರೇ ಗೆರೆ ಮುಳುಗಿದ ದಿನ ಹರಿಗೋಲನ್ನು ಕವಿಚಿಡುತ್ತಿದ್ದರು. ನಾವು ಪೂಜೆಯನ್ನು ಉಳಿಸಿಕೊಂಡಿದ್ದೇವೆ, ಗೆರೆಯನ್ನು ಬಿಟ್ಟುಬಿಟ್ಟಿದ್ದೇವೆ.

ಸಂಘದ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ದಂಡೆಯ ಊರುಗಳಲ್ಲಿ ಇನ್ನೂ ಬದುಕಿರುವ ಹಿರಿಯ ಅಂಬಿಗರಿಂದ ಹೊಳೆಯ ಮಾತುಗಳನ್ನು, ಅಂದರೆ ಕಡವು, ಮಡು, ಸೆಳವು, ಸುಳಿ, ಹುಟ್ಟು ಮೊದಲಾಗಿ ಅವರವರ ಊರಿನ ಶಬ್ದಗಳನ್ನೆಲ್ಲ, ಬರೆದಿಡಬೇಕು. ಅದು ಭಾಷೆಯ ಕೆಲಸ, ನಮ್ಮ ಶಾಲೆಯ ಮಕ್ಕಳೇ ಮಾಡಬಲ್ಲರು. ಹರಿಗೋಲು ಓಡುವ ಪ್ರತಿ ಕಡವಿಗೂ ಕೆಲವು ಜಾಕೀಟುಗಳನ್ನು ಒದಗಿಸಬೇಕು. ಅದು ನಮ್ಮ ನಿಧಿಗೆ ಮೀರಿದ ವೆಚ್ಚವೇನಲ್ಲ. ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿಯನ್ನು ದೂರವಾಣಿಯಲ್ಲಿ ತಿಳಿದು ಕಡವಿಗೆ ಮುಟ್ಟಿಸಲು ಊರಿಗೊಬ್ಬ ತರುಣನು ಮುಂದೆ ಬರಬೇಕು.

ಕಳೆದ ಬೇಸಗೆಯಲ್ಲಿ ನಾವು ಆ ಹಳೆಯ ಕಡವಿಗೆ ಹೋಗಿದ್ದೆವು. ನಮ್ಮ ಅಂಬಿಗನು ತೀರಿಕೊಂಡು ಬಹುವರ್ಷವಾಯಿತು. ಮೆಟ್ಟಿಲುಗಳ ಪಕ್ಕದಲ್ಲಿ ಬಂಡೆ ಹಾಗೆಯೇ ಇದೆ. ಅದರ ಮೇಲಣ ಸುಣ್ಣ ಪೂರ್ತಿಯಾಗಿ ಅಳಿಸಿಹೋಗಿದೆ. ಆದರೆ ವರ್ಷವರ್ಷವೂ ಬಳಿದ ಗುರುತಾಗಿ ಕಲ್ಲಿನ ಮೈ ಅಷ್ಟು ಭಾಗದಲ್ಲಿ ಮಾತ್ರ ತುಸು ಬೆಳ್ಳಗೆ ಕಾಣುತ್ತದೆ. ಗೆರೆ ಎಲ್ಲಿತ್ತೆಂದು ಹುಡುಕಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ನಾವೇ ನಾಲ್ಕು ಮಂದಿ ಹೋಗಿ ಅದರ ಮೇಲೆ ಮತ್ತೆ ಸುಣ್ಣ ಬಳಿಯೋಣ.